ಒತ್ತಿದರೆ ಕರೆಂಟು: ಎಷ್ಟು ಬರುತ್ತೆ?

ಮಕ್ಕಳೇ, ಅಡುಗೆಮನೆಯ ಗ್ಯಾಸ್ ಲೈಟರನ್ನು ನೀವೆಲ್ಲ ನೋಡಿದ್ದೀರಿ. ಗುಂಡಿ ಒತ್ತಿದರೆ ‘ಟಕ್’ ಅನ್ನುತ್ತೆ, ತುದಿಯಲ್ಲಿ ನೀಲಿ ಕಿಡಿ ಹಾರುತ್ತೆ. ಒಳಗೆ ಸೆಲ್ ಇಲ್ಲ, ಅದಕ್ಕೆ ವೈರ್ ಇಲ್ಲ, ಚಾರ್ಜ್ ಮಾಡೋದೂ ಬೇಡ. ವರ್ಷಗಟ್ಟಲೆ ಕಿಡಿ ಕೊಡುತ್ತಲೇ ಇರುತ್ತೆ. ಆ ವಿದ್ಯುತ್ತು ಎಲ್ಲಿಂದ ಬಂತು?

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಈ ಪ್ರಶ್ನೆಯ ಬೆನ್ನು ಹತ್ತಿದಳು. ವಿಜ್ಞಾನ ವಸ್ತು ಪ್ರದರ್ಶನಕ್ಕೆಂದು ಒಂದು ಮಾಡೆಲ್ ಮಾಡಿಕೊಂಡು ಬಂದಳು. ಹಲಗೆಯ ಮೇಲೆ ಕಪ್ಪು ಬಣ್ಣ ಬಳಿದ ರಸ್ತೆ, ಅದರ ಕೆಳಗೆ ಆರು ಪೀಜೋ ತಟ್ಟೆಗಳು, ಪಕ್ಕದಲ್ಲಿ ಪುಟ್ಟ ಎಲ್‌ಇಡಿ ದೀಪಗಳು. ರಸ್ತೆಯ ಮೇಲೆ ಕೈಯಿಂದ ತಟ್ಟಿದರೆ ದೀಪಗಳು ಮಿನುಗುತ್ತಿದ್ದವು. ಮೇಲೆ ದೊಡ್ಡ ಅಕ್ಷರದ ಬೋರ್ಡು: “ತೊಪ್ಪೂರು ಘಾಟಿಯಿಂದ ಊರಿಗೆಲ್ಲ ಉಚಿತ ವಿದ್ಯುತ್!”

“ಅಪ್ಪ ಲಾರಿ ಓಡಿಸ್ತಾರೆ ಸಾರ್. ಲೋಡಾದ್ರೆ ಇಪ್ಪತ್ತು ಟನ್. ಧರ್ಮಪುರಿಯಿಂದ ಸೇಲಂಗೆ ಹೋಗೋ ದಾರೀಲಿ ಹಗಲೂ ರಾತ್ರಿ ಲಾರಿಗಳು. ನನ್ನ ಕೈ ಏಟಿಗೇ ದೀಪ ಹತ್ತುತ್ತೆ ಅಂದ್ರೆ ಇಪ್ಪತ್ತು ಟನ್ನಿಗೆ ಎಷ್ಟು ಬರಬೇಕು!”

ಪ್ರಶ್ನೆ ಚೆನ್ನಾಗಿದೆ. ಆದರೆ ‘ಎಷ್ಟು’ ಅನ್ನುವ ಮಾತಿಗೆ ಉತ್ತರ ಲೆಕ್ಕದಿಂದಲೇ ಬರಬೇಕು. ಮೊದಲು ವಿಷಯ ತಿಳಿದುಕೊಂಡು, ಆಮೇಲೆ ಲೆಕ್ಕ ಮಾಡೋಣ.

ಅಣ್ಣ ತಮ್ಮ ಕಂಡದ್ದು

1880ನೇ ಇಸವಿ, ಪ್ಯಾರಿಸ್ ನಗರ. ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಎಂಬ ಅಣ್ಣ ತಮ್ಮಂದಿರು ಕೆಲವು ಹರಳುಗಳನ್ನು ಒತ್ತಿ ನೋಡಿದರು. ಬೆಣಚುಕಲ್ಲಿನ ಹರಳು, ಟೂರ್ಮಲೀನ್, ಕಬ್ಬಿನ ಸಕ್ಕರೆಯ ಹರಳು ಕೂಡ ಅದರಲ್ಲಿದ್ದವು. ಒತ್ತಿದಾಗ ಹರಳಿನ ಒಂದು ಮುಖದಲ್ಲಿ ಧನ ಆವೇಶ, ಎದುರು ಮುಖದಲ್ಲಿ ಋಣ ಆವೇಶ ಕಾಣಿಸಿಕೊಂಡಿತು. ಗ್ರೀಕ್ ಭಾಷೆಯಲ್ಲಿ ‘ಒತ್ತು’ ಎಂಬ ಅರ್ಥದ ಪದದಿಂದ ಇದಕ್ಕೆ ‘ಪೀಜೋ ವಿದ್ಯುತ್’ ಎಂಬ ಹೆಸರು ಬಂತು. ಮುಂದೆ ಪಿಯರ್ ಮತ್ತು ಅವರ ಪತ್ನಿ ಮೇರಿ ಕ್ಯೂರಿ ವಿಕಿರಣಶೀಲತೆಯನ್ನು ಅಳೆಯಲು ಬಳಸಿದ ಸಾಧನದಲ್ಲೂ ಇದೇ ಬೆಣಚುಕಲ್ಲಿನ ತುಂಡು ಇತ್ತು.

ಇದರ ಉಲ್ಟಾ ಕೂಡ ನಿಜ. ಹರಳಿಗೆ ವಿದ್ಯುತ್ ಕೊಟ್ಟರೆ ಅದು ತುಸು ಹಿಗ್ಗುತ್ತೆ, ಕುಗ್ಗುತ್ತೆ. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 2004ರವರೆಗೆ ಧರ್ಮಪುರಿ ಜಿಲ್ಲೆಯಲ್ಲೇ ಇದ್ದ ಹೊಸೂರಿನಲ್ಲಿ ಟೈಟನ್ ವಾಚ್ ಕಾರ್ಖಾನೆ ಇದೆ. ಕ್ವಾರ್ಟ್ಜ್ ವಾಚಿನೊಳಗೆ ಬೆಣಚಿನ ಒಂದು ಸಣ್ಣ ಕವೆ ಇರುತ್ತೆ. ಸೆಲ್ಲಿನ ವಿದ್ಯುತ್ತಿನಿಂದ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋಗಿ ನೋಡಿ, ಕೊನೆಗೆ 1 ಬರುತ್ತೆ. ಸೆಕೆಂಡಿಗೆ ಒಂದು! ಮುಳ್ಳು ಒಂದು ಹೆಜ್ಜೆ ಇಡಲು ಅಷ್ಟು ಸಾಕು.

ಹುಣಸೆಯ ಹುಳಿಯಿಂದ ಲೈಟರಿನ ಪಿಂಗಾಣಿಗೆ

ಬೆಣಚು ಗಟ್ಟಿ, ನಂಬಿಕಸ್ತ. ಆದರೆ ಅದರಿಂದ ಬರುವ ಆವೇಶ ತೀರಾ ಕಡಿಮೆ. ಹೆಚ್ಚು ಕೊಡುವ ವಸ್ತು ರೋಷೆಲ್ ಲವಣ. ಇದು ಟಾರ್ಟಾರಿಕ್ ಆಮ್ಲದ ಲವಣ. ನಮ್ಮ ಹುಣಸೆಹಣ್ಣಿನ ಹುಳಿಗೆ ಕಾರಣ ಇದೇ ಟಾರ್ಟಾರಿಕ್ ಆಮ್ಲ. 1920ರಲ್ಲಿ ಅಮೆರಿಕದ ಜೋಸೆಫ್ ವಾಲಸೆಕ್ ಈ ಲವಣದಲ್ಲಿ ಒಂದು ವಿಚಿತ್ರ ಗುಣ ಕಂಡರು. ಅದರೊಳಗೆ ಧನ, ಋಣ ಆವೇಶಗಳು ತಾವಾಗಿಯೇ ಸ್ವಲ್ಪ ಬೇರೆಯಾಗಿ ನಿಂತಿರುತ್ತವೆ. ಹೊರಗಿನಿಂದ ವಿದ್ಯುತ್ ಕ್ಷೇತ್ರ ಕೊಟ್ಟರೆ ಅವುಗಳ ದಿಕ್ಕನ್ನು ತಿರುಗಿಸಬಹುದು. ಕ್ಷೇತ್ರ ತೆಗೆದ ಮೇಲೂ ಅವು ಹೊಸ ದಿಕ್ಕಿನಲ್ಲೇ ಉಳಿಯುತ್ತವೆ. ಕಬ್ಬಿಣವನ್ನು ಅಯಸ್ಕಾಂತ ಮಾಡಿದಂತೆಯೇ ಇದು. ಅದಕ್ಕೇ ಇಂಥ ವಸ್ತುವಿಗೆ ‘ಫೆರೋಎಲೆಕ್ಟ್ರಿಕ್’ ಎಂದು ಹೆಸರು. ಹೆಸರಿನಲ್ಲಿ ಕಬ್ಬಿಣ ಇದೆಯೇ ಹೊರತು ವಸ್ತುವಿನಲ್ಲಿ ಇರಬೇಕೆಂದಿಲ್ಲ.

ಹಳೆಯ ಗ್ರಾಮಫೋನು, ಮೈಕುಗಳಲ್ಲಿ ರೋಷೆಲ್ ಲವಣ ಕೆಲಸ ಮಾಡಿತು. ಆದರೆ ಅದು ನೀರಿನಲ್ಲಿ ಕರಗುತ್ತೆ, ಬಿಸಿ ತಾಗಿದರೆ ಕೆಡುತ್ತೆ. ಗಟ್ಟಿ ವಸ್ತು ಬೇಕಿತ್ತು. 1940ರ ದಶಕದಲ್ಲಿ ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯಲ್ಲಿ ಇದೇ ಗುಣ ಸಿಕ್ಕಿತು. 1950ರ ದಶಕದಲ್ಲಿ ಸೀಸ, ಜಿರ್ಕೋನಿಯಂ, ಟೈಟೇನಿಯಂ ಸೇರಿದ ಪಿಜೆಡ್‌ಟಿ ಎಂಬ ಇನ್ನೂ ಒಳ್ಳೆಯ ಪಿಂಗಾಣಿ ಬಂತು. ನಿಮ್ಮ ಮನೆಯ ಲೈಟರಿನಲ್ಲಿರುವುದು ಸಾಮಾನ್ಯವಾಗಿ ಇದೇ.

ಬೇರಿಯಂ ಟೈಟನೇಟಿನ ಒಳಗೆ ಏನಾಗುತ್ತೆ? ಒಂದು ಪುಟ್ಟ ಪೆಟ್ಟಿಗೆ ಊಹಿಸಿಕೊಳ್ಳಿ. ಎಂಟು ಮೂಲೆಗಳಲ್ಲಿ ಬೇರಿಯಂ ಅಯಾನುಗಳು, ಆರು ಮುಖಗಳ ನಡುವೆ ಆಕ್ಸಿಜನ್ ಅಯಾನುಗಳು, ಪೆಟ್ಟಿಗೆಯ ಒಳಗೆ ಒಂದು ಟೈಟೇನಿಯಂ ಅಯಾನು. ಅದು ಸರಿಯಾಗಿ ನಡುಮಧ್ಯೆ ಕೂರದೆ ಒಂದು ಪಕ್ಕಕ್ಕೆ ಸರಿದಿರುತ್ತೆ. ಹಾಗಾಗಿ ಪೆಟ್ಟಿಗೆಯ ಒಂದು ತುದಿ ಧನ, ಇನ್ನೊಂದು ತುದಿ ಋಣ. ಒತ್ತಿದಾಗ ಪೆಟ್ಟಿಗೆಯ ಆಕಾರ ತುಸು ಬದಲಾಗುತ್ತೆ, ಅಯಾನು ಜರುಗುತ್ತೆ, ಮುಖಗಳ ಮೇಲಿನ ಆವೇಶವೂ ಬದಲಾಗುತ್ತೆ.

ಆದರೆ ಹೊಸದಾಗಿ ಸುಟ್ಟ ಪಿಂಗಾಣಿಯಲ್ಲಿ ಈ ಪೆಟ್ಟಿಗೆಗಳ ಗುಂಪುಗಳು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ, ಆಟದ ಬಯಲಿನಲ್ಲಿ ಮಕ್ಕಳು ಇದ್ದ ಹಾಗೆ. ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಬಿಡುತ್ತೆ. ಪ್ರಾರ್ಥನೆಯ ಗಂಟೆ ಹೊಡೆದರೆ ಎಲ್ಲರೂ ಧ್ವಜದ ಕಡೆ ತಿರುಗುತ್ತಾರಲ್ಲ? ಹಾಗೆ ಪಿಂಗಾಣಿಯನ್ನು ಬಿಸಿ ಎಣ್ಣೆಯಲ್ಲಿಟ್ಟು ಪ್ರಬಲ ವಿದ್ಯುತ್ ಕ್ಷೇತ್ರ ಕೊಡುತ್ತಾರೆ. ಪೆಟ್ಟಿಗೆಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ತಿರುಗುತ್ತವೆ, ತಣ್ಣಗಾದ ಮೇಲೂ ಹಾಗೇ ಇರುತ್ತವೆ. ಈಗ ಒತ್ತಿದರೆ ಎಲ್ಲವೂ ಸೇರಿ ಕೆಲಸ ಮಾಡುತ್ತವೆ.

ಬಂಡೆ ಇಟ್ಟುಬಿಟ್ಟರೆ?

ಮಾಡೆಲ್ ನೋಡಿದ ಇನ್ನೊಬ್ಬ ಹುಡುಗ ಕೇಳಿದ: “ಲಾರಿ ಯಾಕೆ ಸಾರ್? ಪಿಂಗಾಣಿ ಮೇಲೆ ಒಂದು ದೊಡ್ಡ ಬಂಡೆ ಇಟ್ಟುಬಿಟ್ರೆ ದಿನವೆಲ್ಲ ಒತ್ತುತ್ತಾನೇ ಇರುತ್ತಲ್ಲ, ಕರೆಂಟೂ ಬರ್ತಾನೇ ಇರಬೇಕು ತಾನೇ?”

ಇಲ್ಲಿಯೇ ಪಾಠದ ಜೀವ ಇರೋದು. ಬಂಡೆ ಇಟ್ಟ ಕ್ಷಣದಲ್ಲಿ ಆವೇಶ ಬರುತ್ತೆ, ತಂತಿಯಲ್ಲಿ ಒಮ್ಮೆ ಹರಿದು ಮುಗಿಯುತ್ತೆ. ಆಮೇಲೆ ಬಂಡೆ ನೂರು ವರ್ಷ ಕೂತರೂ ಏನೂ ಬರೋದಿಲ್ಲ. ಬಂಡೆ ಎತ್ತಿದಾಗ ಉಲ್ಟಾ ದಿಕ್ಕಿನಲ್ಲಿ ಇನ್ನೊಮ್ಮೆ ಹರಿಯುತ್ತೆ, ಅಷ್ಟೆ. ಯಾಕೆಂದರೆ ಒತ್ತಡವೇ ಶಕ್ತಿಯಲ್ಲ. ನಿಮ್ಮ ಭೌತವಿಜ್ಞಾನ ಪಾಠ ನೆನಪಿಸಿಕೊಳ್ಳಿ:

ಕೆಲಸ = ಬಲ × ಬಲದ ದಿಕ್ಕಿನಲ್ಲಿ ಚಲಿಸಿದ ದೂರ

ಬಲ ಎಷ್ಟೇ ದೊಡ್ಡದಿರಲಿ, ದೂರ ಸೊನ್ನೆಯಾದರೆ ಕೆಲಸವೂ ಸೊನ್ನೆ. ಗೋಡೆಯನ್ನು ಇಡೀ ದಿನ ತಳ್ಳಿ ಬೆವರಿದರೂ ಗೋಡೆಗೆ ಒಂದು ಜೌಲ್ ಶಕ್ತಿಯೂ ಹೋಗಿರುವುದಿಲ್ಲ.

ಇನ್ನು ಲೆಕ್ಕ. 50 ಕಿಲೋ ತೂಕದ ಒಬ್ಬರು, ಒಂದು ಚದರ ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರ್ ಎತ್ತರದ ಪಿಜೆಡ್‌ಟಿ ತುಂಡಿನ ಮೇಲೆ ನಿಂತರು ಅನ್ನೋಣ. ಬಲ 500 ನ್ಯೂಟನ್. ಪಿಂಗಾಣಿ ತುಂಬಾ ಗಡಸು. ಹಾಗಾಗಿ ಅದು ಕುಗ್ಗುವುದು ಸುಮಾರು 0.8 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದಕ್ಕಿಂತಲೂ ಕಡಿಮೆ. ಬಲ ಸೊನ್ನೆಯಿಂದ ಏರುತ್ತಾ ಹೋಗುವುದರಿಂದ ಅರ್ಧ ತೆಗೆದುಕೊಳ್ಳಬೇಕು:

½ × 500 × 0.0000008 = 0.0002 ಜೌಲ್

ಒಳ್ಳೆಯ ಪಿಂಗಾಣಿಯಲ್ಲಿ ಇದರ ಸುಮಾರು ಅರ್ಧ ವಿದ್ಯುತ್ತಾಗುತ್ತೆ. ಅಂದರೆ ಒಂದು ಸಲ ತುಳಿದರೆ 0.0001 ಜೌಲ್.

ಆಶ್ಚರ್ಯ ಏನು ಗೊತ್ತಾ? ಅದೇ ತುಂಡಿನ ಎರಡು ಮುಖಗಳ ನಡುವೆ ಆಗ ಸಾವಿರಕ್ಕೂ ಹೆಚ್ಚು ವೋಲ್ಟ್ ವಿಭವಾಂತರ ಇರುತ್ತೆ! ಲೈಟರಿನಲ್ಲಿ ಸುತ್ತಿಗೆ ಏಟು ಬೀಳುವುದರಿಂದ ಇನ್ನೂ ಹೆಚ್ಚು. ಗಾಳಿಯಲ್ಲಿ ಒಂದು ಮಿಲಿಮೀಟರ್ ಕಿಡಿ ಹಾರಲು ಸುಮಾರು 3,000 ವೋಲ್ಟ್ ಬೇಕು. ಲೈಟರಿನ ಕಿಡಿಯ ಉದ್ದ ನೋಡಿ ನೀವೇ ಅಂದಾಜು ಮಾಡಿ. ಸಾವಿರಾರು ವೋಲ್ಟ್ ಇದ್ದೂ ಶಕ್ತಿ ಇಷ್ಟು ಕಡಿಮೆ ಹೇಗೆ? ತೆಂಗಿನಮರದಷ್ಟು ಎತ್ತರದ ಸಣ್ಣ ಕೊಳವೆಯಲ್ಲಿ ಒಂದು ಲೋಟ ನೀರು ನಿಲ್ಲಿಸಿದಂತೆ. ಎತ್ತರ ಬಹಳ, ನೀರು ಒಂದೇ ಲೋಟ. ಆ ನೀರಿನಿಂದ ಗದ್ದೆ ನೆನೆಯೋದಿಲ್ಲ.

ಮಾಡೆಲಿನ ಪುಟ್ಟ ಎಲ್‌ಇಡಿಗೆ ಸುಮಾರು 0.04 ವ್ಯಾಟ್ ಬೇಕು. 0.0001 ಜೌಲ್ ಅದನ್ನು ಸೆಕೆಂಡಿನ 400ನೇ ಒಂದು ಭಾಗ ಕಾಲ ಉರಿಸುತ್ತೆ. ನಮ್ಮ ಕಣ್ಣು ಆ ಮಿಂಚನ್ನು ನೋಡಿ “ದೀಪ ಹತ್ತಿತು” ಅನ್ನುತ್ತೆ. ಹತ್ತಿದ್ದು ನಿಜ, ಆದರೆ ಎಷ್ಟು ಹೊತ್ತು ಹತ್ತಿತು ಅನ್ನೋದನ್ನು ಕಣ್ಣು ಹೇಳೋದಿಲ್ಲ.

ಶಾಲೆಯ ಗೇಟಿನಲ್ಲಿ ಹಾಸಿದರೆ

“ಹಾಗಾದ್ರೆ ಕೆಳಗೆ ಸ್ಪ್ರಿಂಗ್ ಇಟ್ಟು, ಹಲಗೆ ಜಾಸ್ತಿ ಕುಸಿಯೋ ಹಾಗೆ ಮಾಡಿದ್ರೆ?” ಅಂದಳು ಹುಡುಗಿ. ಒಳ್ಳೆಯ ಉಪಾಯ. ಹಲಗೆ 5 ಮಿಲಿಮೀಟರ್ ಕುಸಿಯಲಿ:

500 × 0.005 = 2.5 ಜೌಲ್

ಒಂದು ಹೆಜ್ಜೆಯಿಂದ ಸಿಗಬಹುದಾದ್ದು ಹೆಚ್ಚೆಂದರೆ ಇಷ್ಟು. ಇದರೊಳಗೆ ಯಾವ ಯಂತ್ರ ಇಟ್ಟರೂ ಇದಕ್ಕಿಂತ ಹೆಚ್ಚು ಬರೋದಿಲ್ಲ. 300 ಮಕ್ಕಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ತುಳಿದರೆ 600 ಹೆಜ್ಜೆ, 1,500 ಜೌಲ್. 9 ವ್ಯಾಟಿನ ಒಂದೇ ಒಂದು ಬಲ್ಬು ಮೂರು ನಿಮಿಷವೂ ಉರಿಯೋದಿಲ್ಲ.

ಅದೂ ಪುಕ್ಕಟೆ ಅಲ್ಲ. ಪ್ರತಿ ಹೆಜ್ಜೆಗೂ 5 ಮಿಲಿಮೀಟರ್ ಕುಸಿಯುವ ನೆಲ ಅಂದರೆ ಮರಳಿನ ಮೇಲೆ ನಡೆದಂತೆ. ಕಾಲು ನೋಯುತ್ತೆ. ಆ 2.5 ಜೌಲ್ ಬಂದದ್ದು ನೀವು ಬೆಳಿಗ್ಗೆ ತಿಂದ ಮುದ್ದೆಯಿಂದಲೋ ಇಡ್ಲಿಯಿಂದಲೋ.

ಜಪಾನಿನ ಟೋಕಿಯೋ ರೈಲು ನಿಲ್ದಾಣದಲ್ಲಿ 2006 ಮತ್ತು 2008ರಲ್ಲಿ ಟಿಕೆಟ್ ಗೇಟಿನ ಬಳಿ ಇಂಥ ನೆಲ ಹಾಸಿ ಪ್ರಯೋಗ ಮಾಡಿದರು. ಜನಸಂದಣಿಗೆ ಹೆಸರಾದ ಜಾಗ. ಆದರೂ ನಿಲ್ದಾಣವನ್ನೇ ಬೆಳಗುವ ಮಟ್ಟಕ್ಕೆ ಅದು ಬರಲಿಲ್ಲ.

ತೊಪ್ಪೂರು ಘಾಟಿಯ ಲೆಕ್ಕ

ಈಗ ಲಾರಿಗೆ ಬರೋಣ. 20 ಟನ್ ಅಂದರೆ 2,00,000 ನ್ಯೂಟನ್ ಬಲ. ರಸ್ತೆಯ ತಟ್ಟೆ 5 ಮಿಲಿಮೀಟರ್ ಕುಸಿದರೆ:

2,00,000 × 0.005 = 1,000 ಜೌಲ್

ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ 36,00,000 ಜೌಲ್. ಏನೂ ನಷ್ಟವಾಗದಿದ್ದರೂ ಒಂದು ತಟ್ಟೆಯಿಂದ ಒಂದು ಯೂನಿಟ್ ಸಿಗಬೇಕಾದರೆ 3,600 ಲಾರಿಗಳು ಹಾಯಬೇಕು. ಬಂದದ್ದು ಕೆಲವೇ ರೂಪಾಯಿ ಬೆಲೆಯ ವಿದ್ಯುತ್ತು. ಸಮತಟ್ಟಾದ ರಸ್ತೆಯಾದರೆ ಅದರ ದುಡ್ಡು ಕೊಡೋದು ಲಾರಿಯವರೇ. ಕುಸಿದ ತಟ್ಟೆಯಿಂದ ಮೇಲೆ ಹತ್ತಿ ಬರಲು ಡೀಸೆಲ್ ಸುಡಬೇಕಲ್ಲ! “ಅಂದ್ರೆ ಅಪ್ಪನ ಡೀಸೆಲ್‌ನೇ ಕದ್ದಂಗೆ ಆಯ್ತು” ಅಂದಳು ಹುಡುಗಿ. ಸರಿಯಾಗಿ ಹೇಳಿದಳು.

ಆದರೆ ಘಾಟಿ ಇಳಿಯುವಾಗ ಹಾಗಲ್ಲ. ಅಲ್ಲಿ ಲಾರಿ ತಾನಾಗಿಯೇ ಓಡುತ್ತೆ, ಡ್ರೈವರ್ ಬ್ರೇಕ್ ಹಿಡಿಯುತ್ತಾನೆ. ಶಕ್ತಿ ಬಿಸಿಯಾಗಿ ಹೋಗುತ್ತೆ. ಅಲ್ಲಿ ತೆಗೆದುಕೊಂಡರೆ ಕಳ್ಳತನವಲ್ಲ. ಎಷ್ಟು ಶಕ್ತಿ ಅದು? 20 ಟನ್ ಲಾರಿ 100 ಮೀಟರ್ ಎತ್ತರ ಇಳಿದರೆ 20,000 × 10 × 100, ಅಂದರೆ ಎರಡು ಕೋಟಿ ಜೌಲ್. ಐದೂವರೆ ಯೂನಿಟ್! ಒಂದು ತಟ್ಟೆಗೆ ಸಿಗೋದು ಅದರಲ್ಲಿ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಇದನ್ನು ಹಿಡಿಯಲು ಬೇರೆ ದಾರಿ ಇದೆ. ವಿದ್ಯುತ್ ರೈಲು ಎಂಜಿನ್ ಮತ್ತು ವಿದ್ಯುತ್ ವಾಹನಗಳಲ್ಲಿ ಇಳಿಜಾರಿನಲ್ಲಿ ಮೋಟರನ್ನೇ ಡೈನಮೋ ಮಾಡಿ, ವೇಗ ತಗ್ಗಿಸುತ್ತಲೇ ವಿದ್ಯುತ್ತನ್ನು ವಾಪಸ್ ಪಡೆಯುತ್ತಾರೆ.

ನಮ್ಮ ಮೆಟ್ಟೂರು ಅಣೆಕಟ್ಟನ್ನೂ ಇದರ ಪಕ್ಕ ಇಟ್ಟು ನೋಡಿ. ಹೊಗೇನಕಲ್ ದಾಟಿ ಬರುವ ಕಾವೇರಿಯನ್ನು 1934ರಿಂದ ಅಲ್ಲಿ ತಡೆದು ನಿಲ್ಲಿಸಿದ್ದಾರೆ. ಪೂರ್ತಿ ತುಂಬಿದರೆ 120 ಅಡಿ ಎಂದು ಸೇಲಂ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ಅಂದರೆ 36 ಮೀಟರಿಗಿಂತ ತುಸು ಹೆಚ್ಚು. 10,000 ಲೀಟರ್ ನೀರು 36 ಮೀಟರ್ ಬಿದ್ದರೆ:

10,000 × 10 × 36 = 36,00,000 ಜೌಲ್

ಒಂದು ಯೂನಿಟ್! ಒಂದು ಟ್ಯಾಂಕರ್ ನೀರು ಮಾಡುವ ಕೆಲಸಕ್ಕೆ ಇಲ್ಲಿ 3,600 ಲಾರಿ ಬೇಕು. ವ್ಯತ್ಯಾಸ ತೂಕದಲ್ಲಿಲ್ಲ, ದೂರದಲ್ಲಿದೆ. ನೀರು 36 ಮೀಟರ್ ಚಲಿಸಿತು, ತಟ್ಟೆ 5 ಮಿಲಿಮೀಟರ್ ಚಲಿಸಿತು.

ಹಾಗಾದರೆ ಇದು ಕೆಲಸಕ್ಕೆ ಬಾರದ್ದೇ?

ಖಂಡಿತ ಅಲ್ಲ. ಸ್ವಲ್ಪವೇ ಸಾಕಾಗುವ ಕಡೆ ಪೀಜೋ ಪಿಂಗಾಣಿಗೆ ಸಾಟಿ ಇಲ್ಲ. ಲೈಟರಿಗೆ ಒಂದು ಕಿಡಿ ಸಾಕು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಉಪಕರಣದ ಹಿಡಿಯಲ್ಲಿ ಇದೇ ಬಗೆಯ ಪಿಂಗಾಣಿ ಇರುತ್ತೆ. ವಿದ್ಯುತ್ ಕೊಟ್ಟಾಗ ಕಂಪಿಸಿ ನಮ್ಮ ಕಿವಿಗೆ ಕೇಳದ ಶಬ್ದ ಕಳಿಸುತ್ತೆ, ಮರಳಿ ಬಂದ ಪ್ರತಿಧ್ವನಿ ಒತ್ತಿದಾಗ ವಿದ್ಯುತ್ ಸಂಕೇತ ಕೊಡುತ್ತೆ. ಸಮುದ್ರದಲ್ಲಿ ಸೋನಾರ್ ಕೆಲಸ ಮಾಡುವುದೂ ಹೀಗೆಯೇ. ವಾಹನಗಳ ಎಂಜಿನ್ನಿನಲ್ಲಿ ಅಸಹಜ ಬಡಿತವನ್ನು ಗುರುತಿಸುವ ಸಂವೇದಕವೂ ಇದೇ. ಇಲ್ಲೆಲ್ಲ ಪಿಂಗಾಣಿ ಊರಿಗೆ ಬೆಳಕು ಕೊಡುವುದಿಲ್ಲ, ಸುದ್ದಿ ಕೊಡುತ್ತೆ.

ಮಾಡಿ ನೋಡಿ

ಬೇಕಾದವು: ಒಂದು ಪೀಜೋ ತಟ್ಟೆ (ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಬಿಲ್ಲೆ), ಒಂದು ಕೆಂಪು ಎಲ್‌ಇಡಿ, ನಾಲ್ಕು ಡಯೋಡ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಮಲ್ಟಿಮೀಟರ್.

1. ತಟ್ಟೆಯ ಎರಡು ತಂತಿಗಳನ್ನು ಎಲ್‌ಇಡಿಗೆ ಜೋಡಿಸಿ. ಕತ್ತಲ ಕೋಣೆಯಲ್ಲಿ ಪೆನ್ಸಿಲ್ ರಬ್ಬರಿನಿಂದ ತಟ್ಟಿ. ಮಿಂಚು ಕಾಣಿಸುತ್ತದೆಯೇ?
2. ಈಗ ತಟ್ಟದೆ ನಿಧಾನವಾಗಿ ಒತ್ತಿ ಹಿಡಿಯಿರಿ. ಏನಾಯಿತು?
3. ನಾಲ್ಕು ಡಯೋಡ್‌ಗಳ ಸೇತುವೆ ಮಾಡಿ, ಅದರ ಮೂಲಕ ಕೆಪಾಸಿಟರಿಗೆ ಜೋಡಿಸಿ. ನೂರು ಸಲ ತಟ್ಟಿ, ಕೂಡಲೇ ವೋಲ್ಟ್ ಅಳೆಯಿರಿ.
4. ಶಕ್ತಿ = ½ × ಧಾರಕತೆ × ವೋಲ್ಟ್‌ನ ವರ್ಗ. ಮೀಟರು 2 ವೋಲ್ಟ್ ತೋರಿಸಿತು ಅನ್ನೋಣ. ½ × 0.00001 × 4 = 0.00002 ಜೌಲ್. ಇದು ನೂರು ಏಟಿಗೆ ಸಂಗ್ರಹವಾದದ್ದು.

ಎಚ್ಚರಿಕೆ: ತಟ್ಟೆಯ ಬಿಳಿ ಪಿಂಗಾಣಿಯಲ್ಲಿ ಸೀಸ ಇರುತ್ತೆ. ಅದನ್ನು ಒಡೆಯಬೇಡಿ, ಪುಡಿ ಮಾಡಬೇಡಿ, ಬಾಯಿಗೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಗ್ಯಾಸ್ ಲೈಟರನ್ನು ಬಿಚ್ಚುವುದು ಬೇಡ.

ಬೋರ್ಡು ಬದಲಾಯಿತು

ಲೆಕ್ಕವೆಲ್ಲ ಮುಗಿದ ಮೇಲೆ ಹುಡುಗಿಯ ಮುಖ ಸಪ್ಪಗಾಯಿತು. “ಹಾಗಾದ್ರೆ ನನ್ನ ಮಾಡೆಲ್ ಸುಳ್ಳಾ ಸಾರ್?”

ಮಾಡೆಲ್ ಸುಳ್ಳಲ್ಲ ಕಣಮ್ಮ, ಬೋರ್ಡು ಸುಳ್ಳು, ಅಂದೆ. ದೀಪ ಹತ್ತಿದ್ದು ನಿಜ. ಹತ್ತಿದ ದೀಪದಿಂದ ಊರಿಗೆಲ್ಲ ಬೆಳಕು ಅಂತ ಹಾರಿದ್ದು ಮಾತ್ರ ತಪ್ಪು. ಎಷ್ಟು ಅಂತ ಕೇಳದೆ ಹಾರುವ ತಪ್ಪು ದೊಡ್ಡವರೂ ಮಾಡುತ್ತಾರೆ.

ಮರುದಿನ ಅವಳು ಹೊಸ ಬೋರ್ಡು ಬರೆದು ತಂದಳು: “ಒತ್ತಿದರೆ ಕರೆಂಟು ಬರುತ್ತದೆ. ಎಷ್ಟು? ತಟ್ಟಿ, ಅಳೆದು ನೋಡಿ.” ಪಕ್ಕದಲ್ಲಿ ಕೆಪಾಸಿಟರ್, ಮೀಟರ್, ಒಂದು ಸ್ಲೇಟು. ಬಂದವರೆಲ್ಲ ತಟ್ಟಿ ತಮ್ಮ ಜೌಲುಗಳನ್ನು ತಾವೇ ಬರೆದರು. ಅವಳ ಅಪ್ಪನೂ ಬಂದಿದ್ದರು. ನೂರು ಸಲ ತಟ್ಟಿ, ಲೆಕ್ಕ ನೋಡಿ, “ಇಷ್ಟೇನಾ?” ಅಂತ ನಕ್ಕರು.

ಯೋಚಿಸಿ, ಉತ್ತರಿಸಿ

1. ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ? ಗೇಟಿನಲ್ಲಿ 5 ಮಿಲಿಮೀಟರ್ ಕುಸಿಯುವ ಹಲಗೆ ಹಾಸಿದರೆ ದಿನಕ್ಕೆ ಹೆಚ್ಚೆಂದರೆ ಎಷ್ಟು ಜೌಲ್? ನಿಮ್ಮ ಸರಾಸರಿ ತೂಕ ಹಾಕಿ ಲೆಕ್ಕ ಮಾಡಿ.
2. ನೀವು 40 ಕಿಲೋ ಇದ್ದು, 3 ಮೀಟರ್ ಎತ್ತರದ ಮಹಡಿ ಹತ್ತಿದರೆ ಎಷ್ಟು ಜೌಲ್ ಕೆಲಸ ಮಾಡಿದಿರಿ? ಅದು ಎಷ್ಟು ಹಲಗೆ ಹೆಜ್ಜೆಗಳಿಗೆ ಸಮ?
3. ಕ್ವಾರ್ಟ್ಜ್ ವಾಚು, ಗ್ಯಾಸ್ ಲೈಟರ್: ಯಾವುದರಲ್ಲಿ ಒತ್ತಡ ವಿದ್ಯುತ್ತಾಗುತ್ತೆ, ಯಾವುದರಲ್ಲಿ ವಿದ್ಯುತ್ತು ಚಲನೆಯಾಗುತ್ತೆ?
4. “ಉಚಿತ ವಿದ್ಯುತ್” ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಎರಡು ಪ್ರಶ್ನೆಗಳು ಯಾವುವು?